ಬೇರಿನ ಶಿಲೀಂಧ್ರ: ನಾವೇ ಬೆಳೆಯಬೇಕಾದ ಬೆಳೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೈತರಿಗೆ ಮುಂಗಾರು ಹತ್ತಿರ ಬಂತೆಂದರೆ ಮಳೆಯ ಜೊತೆಗೆ ಇನ್ನೊಂದು ಚಿಂತೆಯೂ ಶುರುವಾಗುತ್ತದೆ. ಡಿಎಪಿ ಗೊಬ್ಬರ ಸಿಗುತ್ತದೋ ಇಲ್ಲವೋ, ಸಿಕ್ಕರೆ ಎಷ್ಟು ಚೀಲ ಎಂಬುದೇ ಆ ಚಿಂತೆ. ಕಬ್ಬು, ಗೋವಿನಜೋಳ, ಸೋಯಾಬೀನ್, ಅರಿಷಿಣ, ಮೆಣಸಿನಕಾಯಿ ಎಲ್ಲವೂ ಬೇಡುವ ರಂಜಕ ಆ ಚೀಲದಲ್ಲಿದೆ. ನಮ್ಮ ದೇಶ ಈ ರಂಜಕಕ್ಕಾಗಿ, ಅದರ ಕಚ್ಚಾ ಕಲ್ಲಿಗಾಗಿ ಬಹುಮಟ್ಟಿಗೆ ಹೊರದೇಶಗಳನ್ನು ನಂಬಿದೆ. ಅಷ್ಟು ದೂರದಿಂದ ತಂದು, ಅಷ್ಟು ಹಣ ಕೊಟ್ಟು ಮಣ್ಣಿಗೆ ಹಾಕಿದ ರಂಜಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇಕಡ 15ರಿಂದ 20 ಮಾತ್ರ. ಉಳಿದದ್ದು ನಮ್ಮ ಸುಣ್ಣದಂಶದ ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಕೂತುಬಿಡುತ್ತದೆ. ನೀರಿನ ಜೊತೆ ಸಾರಜನಕ ಹರಿದುಬರುವಂತೆ ರಂಜಕ ಹರಿದುಬರುವುದಿಲ್ಲ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಅಂತರದಲ್ಲಿದ್ದ ರಂಜಕ ಮುಗಿದರೆ, ಅದರಾಚೆ ಎಷ್ಟೇ ಇದ್ದರೂ ಬೇರಿಗೆ ಅದು ಎಟುಕದ ಸಂಪತ್ತು. ಹೀಗಾಗಿ ನಮ್ಮ ಹೊಲಗಳ ಕಷ್ಟ ಬಹಳ ಕಡೆ ರಂಜಕ ಇಲ್ಲದ್ದಲ್ಲ, ಇದ್ದದ್ದು ಬೇರಿಗೆ ಮುಟ್ಟದ್ದು.

ಈ ಅಂತರವನ್ನು ದಾಟಿಸುವ ಜೀವಿಯೊಂದು ಮಣ್ಣಿನಲ್ಲಿದೆ. ವಿಜ್ಞಾನಿಗಳು ಅದನ್ನು ಮೈಕೊರೈಜಾ ಶಿಲೀಂಧ್ರ ಎನ್ನುತ್ತಾರೆ, ನಮ್ಮ ರೈತರಲ್ಲಿ ಹಲವರಿಗೆ ಅದು ವ್ಯಾಮ್ ಎಂಬ ಹೆಸರಿನಿಂದ ಗೊತ್ತು. ಬೇರು ಮತ್ತು ಶಿಲೀಂಧ್ರ ಕೂಡಿ ಬಾಳುವ ಈ ವ್ಯವಸ್ಥೆಗೆ ಮೈಕೊರೈಜಾ ಎಂದು 1885ರಲ್ಲಿ ಹೆಸರಿಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್. ಕೃಷಿ ಬೆಳೆಗಳ ಬೇರಿನೊಳಗೆ ಸೇರುವ ಬಗೆಯನ್ನು 1950ರ ದಶಕದಲ್ಲಿ ಸ್ಟ್ರಾಬೆರಿ ಮತ್ತು ಸೇಬಿನ ಗಿಡಗಳಲ್ಲಿ ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಬಾರ್ಬರಾ ಮಾಸ್. ಆದರೆ ಈ ಸ್ನೇಹ ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, 40 ಕೋಟಿ ವರ್ಷಗಳಷ್ಟು ಹಳೆಯ ಸಸ್ಯ ಪಳೆಯುಳಿಕೆಗಳಲ್ಲೂ ಇದರ ಗುರುತಿದೆ. ಶಿಲೀಂಧ್ರ ಬೇರಿನ ಜೀವಕೋಶದೊಳಗೆ ಕಿರುಗಿಡದಂತೆ ಕವಲೊಡೆಯುತ್ತದೆ. ಹೊರಗೆ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಹಲವು ಸೆಂಟಿಮೀಟರ್ ದೂರದವರೆಗೆ ಚಾಚುತ್ತದೆ. ಬೇರು ನುಗ್ಗಲಾರದ ಮಣ್ಣಿನ ಸಂದುಗಳಿಂದ ರಂಜಕವನ್ನೂ ಸತುವನ್ನೂ ತಂದು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಪ್ರತಿಯಾಗಿ ತಾನು ಬಿಸಿಲಿನಿಂದ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲು ಕೊಡುತ್ತದೆ. ಜೋಳ, ಗೋವಿನಜೋಳ, ಕಬ್ಬು, ಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಷಿಣ, ಶೇಂಗಾ, ಸೋಯಾಬೀನ್, ಮಾವು, ದಾಳಿಂಬೆ ಇವೆಲ್ಲ ಈ ಕೊಡುಕೊಳೆಗೆ ಒಗ್ಗಿದ ಬೆಳೆಗಳು. ಕೋಸು, ಹೂಕೋಸು, ಮೂಲಂಗಿ, ಸಾಸಿವೆ, ಪಾಲಕ, ರಾಜಗಿರಿ, ಬೀಟ್‌ರೂಟ್ ಒಗ್ಗುವುದಿಲ್ಲ. ಅವಕ್ಕೆ ಈ ಶಿಲೀಂಧ್ರ ಕೊಟ್ಟರೆ ಹಣ ಹಾಳು.

ಇಂದು ನಾನು ಹೇಳಬೇಕೆಂದಿರುವುದು ಈ ಶಿಲೀಂಧ್ರದ ಗುಣಗಾನವನ್ನಲ್ಲ, ಪರಿಣಾಮಕಾರಿಯಾದ ಶಿಲೀಂಧ್ರ ಗೊಬ್ಬರ ತಯಾರಾಗುವ ಬಗೆಯನ್ನು. ರೈಜೋಬಿಯಂ, ಅಜೋಸ್ಪಿರಿಲಂ ಮೊದಲಾದ ಜೀವಾಣುಗಳನ್ನು ಪ್ರಯೋಗಾಲಯದ ಪೋಷಕ ದ್ರಾವಣದಲ್ಲಿ ಬೆಳೆಸಿ ಪುಡಿಗೆ ಬೆರೆಸಬಹುದು. ಮೈಕೊರೈಜಾ ಹಾಗೆ ಬೆಳೆಯುವುದಿಲ್ಲ. ಜೀವಂತ ಬೇರು ಸಿಕ್ಕದೆ ಅದು ತನ್ನ ಬಾಳನ್ನು ಪೂರೈಸಲಾರದು. ಈ ಒಂದು ಸಂಗತಿಯಿಂದ ಉಳಿದದ್ದೆಲ್ಲ ಹೊರಡುತ್ತದೆ. ಬೇರಿಲ್ಲದೆ ಬೆಳೆಯದ ಜೀವಿಯನ್ನು ಹೆಚ್ಚಿಸಬೇಕಾದರೆ ಬೆಳೆಯನ್ನೇ ಬೆಳೆಯಬೇಕು. ಬೆಳೆ ಬೆಳೆಯುವ ಕೆಲಸದಲ್ಲಿ ದೂರದ ಕಾರ್ಖಾನೆಗಿಂತ ಘಟಪ್ರಭೆಯ ಎರಡೂ ದಡದ ನರ್ಸರಿಗಳು, ರೈತ ಗುಂಪುಗಳು, ಮಹಿಳಾ ಸಂಘಗಳು ಮುಂದಿವೆ. ಆದ್ದರಿಂದ ಈ ಗೊಬ್ಬರವನ್ನು ನಮ್ಮ ತಾಲೂಕುಗಳಲ್ಲೇ ತಯಾರಿಸಬೇಕು, ಇಲ್ಲೇ ಪರೀಕ್ಷಿಸಬೇಕು, ಹೊಲದ ತುಂಬ ಎರಚದೆ ಅಗಿಮಡಿಯಲ್ಲಿ ಬಳಸಬೇಕು ಎಂಬುದು ನನ್ನ ವಾದ.

ಇದಕ್ಕೆ ಆಧಾರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ದುಡಿದರು. ಅವರೂ ಕೆ.ಆರ್. ಶ್ರೀರಾಮುಲು ಅವರೂ 1982ರಲ್ಲಿ ಪ್ರಕಟಿಸಿದ ಪ್ರಯೋಗ ಮೆಣಸಿನಕಾಯಿಯದು. ಸಸಿಮಡಿಯಲ್ಲೇ ಶಿಲೀಂಧ್ರ ಸೇರಿಸಿ ಬೆಳೆಸಿದ ಅಗಿಯನ್ನು ಹೊಲಕ್ಕೆ ನೆಟ್ಟಾಗ ಬೆಳವಣಿಗೆ, ಇಳುವರಿ ಹೆಚ್ಚಿದವು, ರಂಜಕದ ಗೊಬ್ಬರ ಉಳಿಯಿತು. ಅದೇ ಇಬ್ಬರು 1986ರಲ್ಲಿ ಜಿಗಟು ಎರೆಮಣ್ಣಿನಲ್ಲಿ ಮೆಣಸಿನಕಾಯಿಯ ಹೊಲ ಪ್ರಯೋಗವನ್ನು ಪ್ರಕಟಿಸಿದರು. ಭಾಗ್ಯರಾಜ್ ಅವರ ಜೊತೆ ಕೆಲಸ ಮಾಡಿದ ಎಂ.ಎನ್. ಶ್ರೀನಿವಾಸ 1988ರಲ್ಲಿ, ಶಿಲೀಂಧ್ರವನ್ನು ಹೇರಳವಾಗಿ ಹೆಚ್ಚಿಸಲು ರೋಡ್ಸ್ ಹುಲ್ಲು ಒಳ್ಳೆಯ ಆಸರೆ ಗಿಡವೆಂದು ತೋರಿಸಿದರು. ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಮೆಣಸಿನಕಾಯಿಯ ಮೇಲೆ ಈ ಸಂಶೋಧನೆ ಸಾಗಿತು. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಹಣ್ಣಿನ ಸಸಿಗಳಿಗೆ ಈ ಶಿಲೀಂಧ್ರ ಕೊಟ್ಟು ನೋಡುವ ಕೆಲಸ ನಡೆದಿದೆ. ಸಂಕೇಶ್ವರದ ಮೆಣಸಿನಕಾಯಿ ದೂರದ ಪೇಟೆಗಳಲ್ಲೂ ಹೆಸರಾದದ್ದು. ಆ ಬೆಳೆಗೂ ನಮ್ಮ ಎರೆಮಣ್ಣಿಗೂ ಹೊಂದುವ ಅರಿವು ರಾಜ್ಯದಲ್ಲಿ 40 ವರ್ಷಗಳಿಂದ ಇದ್ದರೂ ಅದು ನಮ್ಮ ಅಗಿಮಡಿಗಳಿಗೆ ಇನ್ನೂ ಪೂರ್ತಿ ಇಳಿದುಬಂದಿಲ್ಲ.

ಇನ್ನು ತಯಾರಿಕೆಗೆ ಬರೋಣ. ಮೊದಲು ಬೇಕಾದದ್ದು ಮೂಲ ಶಿಲೀಂಧ್ರ. ಅದನ್ನು ವಿಶ್ವವಿದ್ಯಾಲಯದಿಂದ ಪಡೆಯಬಹುದು. ಜೊತೆಗೆ ನಮ್ಮ ಮಣ್ಣಿನದನ್ನೂ ಹಿಡಿಯಬೇಕು. ಬಹುಕಾಲ ಉಳದ ಬದುಗಳಲ್ಲಿ, ಗುಡ್ಡದ ತಪ್ಪಲಿನ ಮಡ್ಡಿಯಲ್ಲಿ, ಗೊಬ್ಬರ ಕಡಿಮೆ ಹಾಕಿಯೂ ಗಿಡ ಸೊಂಪಾಗಿರುವ ಹೊಲದಲ್ಲಿ, ಹುಲ್ಲಿನ ಸಣ್ಣ ಬೇರುಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆಯಬೇಕು. ಹೀಗೆ ತಂದದ್ದನ್ನು ಶುದ್ಧಗೊಳಿಸಿದ ಉಸುಕಿಗೆ ಬೆರೆಸಿ ಕುಂಡದಲ್ಲಿ ಜೋಳ ಬಿತ್ತಿದರೆ, ಮಣ್ಣಿನಲ್ಲಿದ್ದ ಶಿಲೀಂಧ್ರ ಆ ಬೇರಿಗೆ ಬಂದು ಸೇರುತ್ತದೆ. ಮೊದಲ ಸುತ್ತಿನಲ್ಲಿ ಬೀಜಾಣುಗಳು ಕಡಿಮೆ ಬರಬಹುದು, ಎರಡನೆಯ ಸುತ್ತಿನಲ್ಲಿ ಹೆಚ್ಚುತ್ತವೆ. ಹೆಚ್ಚು ಬೀಜಾಣು ಕೊಡುವ ತಳಿಯೇ ಗಿಡಕ್ಕೆ ಹೆಚ್ಚು ಉಪಕಾರಿ ಎಂದೇನೂ ಇಲ್ಲ. ಬೇರಿನೊಳಗೆ ಬೇಗ ಹಬ್ಬುವುದು, ಹೊರಗೆ ಎಳೆಗಳನ್ನು ದೂರ ಚಾಚುವುದು, ನಮ್ಮ ಕ್ಷಾರ ಮಣ್ಣನ್ನೂ ಬೇಸಿಗೆಯ ಬಿಸಿಯನ್ನೂ ತಾಳುವುದು ಇವೇ ನಿಜವಾದ ಗುಣಗಳು. ಆದ್ದರಿಂದ ಮೂರು ನಾಲ್ಕು ಮೂಲಗಳನ್ನು ಬೇರೆಬೇರೆ ಬೆಳೆಸಿ, ಒಂದೊಂದನ್ನೂ ಮೆಣಸಿನ ಅಗಿಗೆ ಕೊಟ್ಟು, ಶಿಲೀಂಧ್ರ ಕೊಡದ ಅಗಿಯ ಪಕ್ಕದಲ್ಲಿಟ್ಟು ನೋಡಿ ಗೆದ್ದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು.

ಹೆಚ್ಚಿಸುವ ಪದ್ಧತಿಗಳಲ್ಲಿ ಊರಿಗೆ ಒಗ್ಗುವುದು ಗುಂಡಿ ಪದ್ಧತಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿರುವ ಕ್ರಮ ಹೀಗಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಹೊರಗಿನ ಮಣ್ಣು ತಾಗದಂತೆ ಒಳಗೆ ಕಪ್ಪು ಪಾಲಿಥಿನ್ ಹಾಳೆ ಹಾಸಬೇಕು. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ 50 ಕಿಲೋಗೆ ಐದು ಕಿಲೋ ಶುದ್ಧಗೊಳಿಸಿದ ಮಣ್ಣು ಬೆರೆಸಿ 20 ಸೆಂಟಿಮೀಟರ್ ಎತ್ತರಕ್ಕೆ ತುಂಬಬೇಕು. ಮೇಲಿನಿಂದ ಎರಡರಿಂದ ಐದು ಸೆಂಟಿಮೀಟರ್ ಕೆಳಗೆ ಒಂದು ಕಿಲೋ ಮೂಲ ಶಿಲೀಂಧ್ರ ಹರಡಿ, ಶುದ್ಧಗೊಳಿಸಿದ ಗೋವಿನಜೋಳದ ಬೀಜ ಬಿತ್ತಬೇಕು. ಬಿತ್ತುವಾಗ ಇಡೀ ಗುಂಡಿಗೆ ಎರಡು ಗ್ರಾಂ ಯೂರಿಯಾ, ಎರಡು ಗ್ರಾಂ ಸೂಪರ್ ಫಾಸ್ಫೇಟ್, ಒಂದು ಗ್ರಾಂ ಪೊಟ್ಯಾಷ್. ಆಮೇಲೆ 30 ಮತ್ತು 45ನೆಯ ದಿನ 10 ಗ್ರಾಂ ಯೂರಿಯಾ ಮಾತ್ರ. ರಂಜಕದಲ್ಲಿ ಇಷ್ಟು ಜಿಪುಣತನ ಏಕೆಂದರೆ, ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಶಿಲೀಂಧ್ರ ಬೇರಿನಲ್ಲಿ ಹಬ್ಬುವುದೂ ಕುಗ್ಗುತ್ತದೆ. ಗುಂಡಿಯ ಗಿಡ ಹಚ್ಚಗೆ ಕಾಣಲೆಂದು ಒಂದು ಹಿಡಿ ಡಿಎಪಿ ಹಾಕಿದವರು ಗಿಡವನ್ನು ಬೆಳೆಸಿ ಶಿಲೀಂಧ್ರವನ್ನು ಕಳೆದುಕೊಳ್ಳುತ್ತಾರೆ. ಆಸರೆ ಗಿಡವಾಗಿ ಗೋವಿನಜೋಳವೇ ಆಗಬೇಕೆಂದಿಲ್ಲ. ಒತ್ತಾಗಿ ಸಣ್ಣ ಬೇರು ಬಿಡುವ ನಮ್ಮ ಬಿಳಿಜೋಳವೂ ಒಳ್ಳೆಯದೇ, ಅದರ ಬೀಜ ಮನೆಮನೆಯಲ್ಲೂ ಇದೆ. ಹಿಂಗಾರಿನಲ್ಲಿ ಹೊಲಕ್ಕೆ ಜೋಳ ಬಿತ್ತುವಾಗಲೇ ಗುಂಡಿಗೂ ಬಿತ್ತಿದರೆ, ಮುಂದಿನ ಮುಂಗಾರಿನ ಅಗಿಮಡಿ ಹಾಕುವ ಹೊತ್ತಿಗೆ ಗೊಬ್ಬರ ಕೈಯಲ್ಲಿರುತ್ತದೆ. ಮಣ್ಣು ಶುದ್ಧ ಮಾಡಲು ಬಾಯ್ಲರ್ ಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒದ್ದೆ ಮಣ್ಣನ್ನು ತೆಳುವಾಗಿ ಹರಡಿ, ಪಾರದರ್ಶಕ ಪಾಲಿಥಿನ್ ಹೊದಿಸಿ, ಅಂಚನ್ನು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ರೋಗಾಣುಗಳೂ ಕಳೆಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ.

ಸುಮಾರು 60 ದಿನ ತುಂಬಿದ ಮೇಲೆ ಬರುವ ಘಟ್ಟದಲ್ಲಿ ಅವಸರ ಸಲ್ಲದು. ನೀರು ನಿಲ್ಲಿಸಿ ಗಿಡವನ್ನು ಮೆಲ್ಲಗೆ ಒಣಗಲು ಬಿಡಬೇಕು. ಬೇರು ಮುಪ್ಪಾಗುತ್ತಿದ್ದಂತೆ ಶಿಲೀಂಧ್ರ ಮುಂದಿನ ಕಾಲಕ್ಕಾಗಿ ಬೀಜಾಣುಗಳನ್ನು ಕಟ್ಟಿಕೊಳ್ಳುತ್ತದೆ. ಅಮೆರಿಕದ ರೋಡೇಲ್ ಸಂಸ್ಥೆಯವರು ರೈತರಿಗೆ ಕಲಿಸಿದ ಇಂಥದೇ ಪದ್ಧತಿಯಲ್ಲಿ ಚಳಿಗಾಲದ ಹಿಮ ಬಂದು ಆಸರೆ ಹುಲ್ಲನ್ನು ಕೊಲ್ಲುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಹಿಂಗಾರು ಮುಗಿದ ಮೇಲಿನ ಒಣಹವೆ ಮಾಡುತ್ತದೆ. ಒಣಗಿದ ಮೇಲೆ ದಂಟು ಕೊಯ್ದು, ಬೇರುಗಳನ್ನು ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಗುಂಡಿಯ ವರ್ಮಿಕ್ಯುಲೈಟಿಗೇ ಬೆರೆಸಿ, ನೆರಳಿನಲ್ಲಿ ಆರಿಸಬೇಕು. ಬೀಜಾಣು, ಬೇರಿನ ತುಂಡು, ಎಳೆ ಮೂರೂ ಸೇರಿದ ಈ ಮಿಶ್ರಣವೇ ಗೊಬ್ಬರ. ಬಿಸಿಲಿಗೆ ಒಣಹಾಕಿದರೆ, ತಗಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಇಟ್ಟರೆ, ಒದ್ದೆಯಾಗಿರುವಾಗಲೇ ಚೀಲ ಕಟ್ಟಿದರೆ ಜೀವ ಹೋಗುತ್ತದೆ. ತಂಪಾದ ಒಣ ಕೋಣೆಯಲ್ಲಿ ಇಡಬೇಕು, ಆ ವರ್ಷದ್ದನ್ನು ಆ ವರ್ಷವೇ ಬಳಸಬೇಕು.

ಇಷ್ಟೆಲ್ಲ ಮಾಡುವ ಬದಲು ಅಂಗಡಿಯ ಪೊಟ್ಟಣ ತಂದರಾಗದೇ ಎಂಬ ಪ್ರಶ್ನೆ ಸಹಜ. ಒಳ್ಳೆಯ ಪೊಟ್ಟಣಗಳೂ ಇವೆ. ಕ್ಯಾರೆಟ್ಟಿನ ಬೇರನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ರೋಗಾಣುವೇ ಇಲ್ಲದ ಶಿಲೀಂಧ್ರ ಹೆಚ್ಚಿಸುವ ತಂತ್ರವನ್ನು ಕೆನಡಾದ ವಿಜ್ಞಾನಿಗಳು 1988ರಲ್ಲಿ ಬಲಪಡಿಸಿದರು. ನಮ್ಮ ದೇಶದಲ್ಲಿ ದೆಹಲಿಯ ಟೆರಿ ಸಂಸ್ಥೆ ಅದನ್ನು ದೊಡ್ಡ ಪ್ರಮಾಣದ ತಯಾರಿಕೆಗೆ ಒಗ್ಗಿಸಿತು. ಆದರೆ ಹಾಲಿಗೆ ಹಾಕುವ ಹೆಪ್ಪು ಸತ್ತಿದ್ದರೆ ಪಾತ್ರೆ ಎಷ್ಟು ಹೊಳೆದರೂ ಮೊಸರಾಗದು. 2007ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಮಾರುಕಟ್ಟೆಯ ಎಂಟು ಉತ್ಪನ್ನಗಳನ್ನು ಶಿಫಾರಸಿನ ಪ್ರಮಾಣದಲ್ಲಿ ಗೋವಿನಜೋಳಕ್ಕೆ ಕೊಟ್ಟು ನೋಡಿದಾಗ ಮೂರು ಮಾತ್ರ ಬೇರನ್ನು ಸೇರಿದವು. 2022ರಲ್ಲಿ ಹಲವು ದೇಶಗಳ 28 ಉತ್ಪನ್ನಗಳ ಪರೀಕ್ಷೆಯಲ್ಲೂ ಬಹುಪಾಲು ವಿಫಲವಾದವು. ನಮ್ಮಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2009ರಲ್ಲಿ ಬಂದ ತಿದ್ದುಪಡಿ ಮೈಕೊರೈಜಾಕ್ಕೂ ಮಾನದಂಡ ಹಾಕಿತು. ಒಂದು ಗ್ರಾಂ ಗೊಬ್ಬರದಲ್ಲಿ ಕನಿಷ್ಠ 100 ಜೀವಂತ ಕಣಗಳು, ಅವುಗಳಲ್ಲಿ ಕನಿಷ್ಠ 60 ಬೀಜಾಣುಗಳು ಇರಬೇಕು ಎಂದಿತು. ಕಾನೂನು ಒಳ್ಳೆಯದೇ, ಆದರೆ ಪೊಟ್ಟಣ ಕಾರ್ಖಾನೆಯಿಂದ ಹೊರಟ ದಿನ ಇದ್ದ ಜೀವ ಬೇಸಿಗೆಯ ಲಾರಿ, ಗೋದಾಮು, ಅಂಗಡಿ ದಾಟಿ ಹುಕ್ಕೇರಿಯ ಹೊಲ ಮುಟ್ಟುವಾಗಲೂ ಇದೆಯೇ ಎಂಬುದನ್ನು ಚೀಟಿ ಹೇಳುವುದಿಲ್ಲ. ಬೇರು ಮಾತ್ರ ಹೇಳುತ್ತದೆ. ಆದ್ದರಿಂದ ಮನೆಯದಾಗಲಿ ಅಂಗಡಿಯದಾಗಲಿ, ಶುದ್ಧ ಮಣ್ಣಿನ ಕುಂಡಗಳಲ್ಲಿ ಗೊಬ್ಬರ ಹಾಕಿ ಮತ್ತು ಹಾಕದೆ ಜೋಳ ಬಿತ್ತಿ, ಐದಾರು ವಾರದ ನಂತರ ಆ ಬೇರುಗಳನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಬೇರನ್ನು ಕ್ಷಾರದಲ್ಲಿ ಬೇಯಿಸಿ ಟ್ರಿಪಾನ್ ಬ್ಲೂ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಡಿ ಶಿಲೀಂಧ್ರ ನೀಲಿಯಾಗಿ ಕಾಣುತ್ತದೆ. ಇದು ದುಬಾರಿ ಪರೀಕ್ಷೆಯಲ್ಲ. ಈ ಸೇವೆಯನ್ನು ಅರಭಾವಿಯ ಮಹಾವಿದ್ಯಾಲಯವನ್ನೂ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ನಾವು ಕೇಳಬೇಕು.

ಬಳಸುವ ಜಾಗದ ಬಗ್ಗೆ ಲೆಕ್ಕವೇ ಮಾತಾಡುತ್ತದೆ. ಒಂದು ಎಕರೆಯ ಮೇಲ್ಮಣ್ಣು, ಅಂದರೆ ನೇಗಿಲು ತಿರುವುವ ಆರೇಳು ಇಂಚು, ಸುಮಾರು 900 ಟನ್ ತೂಗುತ್ತದೆ. 2009ರ ಆ ಮಾನದಂಡಕ್ಕೆ ಸರಿಹೊಂದುವ ಗೊಬ್ಬರವನ್ನೇ ಎಕರೆಗೆ ನಾಲ್ಕು ಕಿಲೋ ಎರಚಿದೆವು ಎನ್ನೋಣ. ಅದರಲ್ಲಿರುವುದು ನಾಲ್ಕು ಲಕ್ಷ ಜೀವಂತ ಕಣ. ಹೊಲದಲ್ಲಿ ಹಂಚಿದಾಗ ಎರಡೂಕಾಲು ಕಿಲೋ ಮಣ್ಣಿಗೆ ಒಂದು ಕಣ! ಅದು ಬೇರಿಗೆ ಸಿಗುವುದು ಅದೃಷ್ಟ. ಇದಕ್ಕೆ ಬದಲಾಗಿ, ಒಂದು ಚದರ ಮೀಟರ್ ಗುಂಡಿಯಿಂದ ಬರುವ ಸುಮಾರು 55 ಕಿಲೋ ಗೊಬ್ಬರವನ್ನು ಅಗಿಗೆ ಐದು ಗ್ರಾಂನಂತೆ ಬೀಜದ ಕೆಳಗೇ ಇಟ್ಟರೆ 11 ಸಾವಿರ ಅಗಿಗೆ ಸಾಕು. ಎರಡಡಿಗೆ ಎರಡಡಿ ಅಂತರದಲ್ಲಿ ನೆಟ್ಟರೆ ಅದು ಸರಿಸುಮಾರು ಒಂದು ಎಕರೆ ಮೆಣಸಿನಕಾಯಿ. ಹೊಲಕ್ಕೆ ಹೋಗುವ ಮೊದಲೇ ಪ್ರತಿ ಅಗಿಯ ಬೇರೂ ಶಿಲೀಂಧ್ರ ಕೂಡಿಕೊಂಡಿರುತ್ತದೆ. ಟ್ರೇಯಲ್ಲಿ ಬೆಳೆಸುವ ಕಬ್ಬಿನ ಸಸಿಗೆ, ಚೀಲದಲ್ಲಿ ಬೆಳೆಸುವ ಮಾವು, ಪಪ್ಪಾಯಿ, ದಾಳಿಂಬೆ ಸಸಿಗಳಿಗೂ ಇದೇ ದಾರಿ. ಆದರೆ ಸಸಿ ಕೊಳೆರೋಗಕ್ಕೆಂದು ಅದೇ ಮಡಿಗೆ ಕಾರ್ಬೆಂಡಜಿಮ್ ಸುರಿದರೆ ಒಳ್ಳೆಯ ಶಿಲೀಂಧ್ರಕ್ಕೂ ಪೆಟ್ಟು ಬೀಳುತ್ತದೆ, ಅದನ್ನು ಮರೆಯಬಾರದು.

ಈಗ ಗಟ್ಟಿಯಾದ ಆಕ್ಷೇಪಗಳನ್ನು ಎದುರಿಸೋಣ. ನಮ್ಮ ಮಣ್ಣಿನಲ್ಲಿ ಈ ಶಿಲೀಂಧ್ರ ಮೊದಲೇ ಇದೆಯಲ್ಲ, ಮತ್ತೆ ಸೇರಿಸುವುದೇಕೆ ಎಂದು ತಿಳಿದವರು ಕೇಳುತ್ತಾರೆ. ನಿಜ, ಇದೆ. ಜೋಳ, ಕಡಲೆ, ಶೇಂಗಾ ಸರದಿಯಾಗಿ ಬೆಳೆಯುವ ಹೊಲದಲ್ಲಿ ಸಾಕಷ್ಟು ಇರುತ್ತದೆ. ಅಂಥ ಹೊಲದಲ್ಲಿ ನೇರ ಬಿತ್ತುವ ಬೆಳೆಗೆ ಹೊರಗಿನಿಂದ ಶಿಲೀಂಧ್ರ ಕೊಳ್ಳಬೇಕಿಲ್ಲ, ಇದ್ದದ್ದನ್ನು ಕಾಯ್ದುಕೊಂಡರೆ ಸಾಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಪ್ಪು ಮಣ್ಣಿನಲ್ಲಿ ದೀರ್ಘಕಾಲ ಪಡ ಬಿಟ್ಟ ಹೊಲದ ಬೆಳೆ ರಂಜಕ, ಸತುವಿನ ಕೊರತೆಯಿಂದ ಬಡವಾಗುತ್ತಿತ್ತು. ಆಸರೆ ಬೇರಿಲ್ಲದೆ ಶಿಲೀಂಧ್ರ ಕ್ಷೀಣಿಸಿದ್ದೇ ಅದಕ್ಕೆ ಕಾರಣವೆಂದು 1987ರಲ್ಲಿ ಅಲ್ಲಿನ ವಿಜ್ಞಾನಿ ಥಾಂಪ್ಸನ್ ತೋರಿಸಿದರು. ಪಡ ಬಿಟ್ಟ ಹೊಲ, ಕೋಸಿನ ನಂತರದ ಹೊಲ, ಮೇಲ್ಮಣ್ಣು ಕೊಚ್ಚಿಹೋದ ಮಡ್ಡಿ, ಶುದ್ಧಗೊಳಿಸಿದ ಕೊಕೊಪಿಟ್ಟಿನ ಟ್ರೇ ಇವುಗಳಲ್ಲಿ ಮಾತ್ರ ಹೊರಗಿನಿಂದ ಸೇರಿಸುವುದಕ್ಕೆ ಅರ್ಥವಿದೆ. ಟ್ರೇಯಲ್ಲಂತೂ ಶಿಲೀಂಧ್ರ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಗಿಮಡಿಯ ಮೇಲೆ ನಾನು ಒತ್ತು ಕೊಡುವುದು ಅದಕ್ಕೇ.

ಹಿಡಕಲ್ ಜಲಾಶಯದ ಕಾಲುವೆ ನೀರಿನಲ್ಲಿ ವರ್ಷವರ್ಷವೂ ಚೀಲಗಟ್ಟಲೆ ಡಿಎಪಿ ಉಂಡ ಕಬ್ಬಿನ ಹೊಲಗಳ ಮಾತು ಬೇರೆ. ಮಣ್ಣಿನಲ್ಲಿ ಗಿಡಕ್ಕೆ ಸಿಗುವ ರಂಜಕ ಹೇರಳವಾಗಿರುವಲ್ಲಿ ಶಿಲೀಂಧ್ರದಿಂದ ಇಳುವರಿ ಏರುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಲ್ಲಿ ಮೊದಲು ಮಣ್ಣು ಪರೀಕ್ಷೆ, ಆಮೇಲೆ ರಂಜಕದ ಗೊಬ್ಬರ ಇಳಿಸುವುದು, ಅದರ ನಂತರವೇ ಶಿಲೀಂಧ್ರದ ಮಾತು. ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ. ಶಿಲೀಂಧ್ರ ರಂಜಕವನ್ನು ಹುಟ್ಟಿಸುವುದಿಲ್ಲವಲ್ಲ, ಮಣ್ಣಿನ ಗಂಟನ್ನೇ ಕರಗಿಸುತ್ತದಲ್ಲ ಎಂದು. ಅದೂ ನಿಜವೇ. ಆದರೆ ಆ ಗಂಟು ನಾವೇ ದಶಕಗಳಿಂದ ದುಡ್ಡು ಕೊಟ್ಟು ಹೂಳಿದ್ದು. ಬೆಳೆ ಒಯ್ದಷ್ಟನ್ನು ತಿಪ್ಪೆಗೊಬ್ಬರ, ಸಕ್ಕರೆ ಕಾರ್ಖಾನೆಯ ಮಡ್ಡಿ, ಅಳತೆಯ ರಸಗೊಬ್ಬರದಿಂದ ಹಿಂತಿರುಗಿಸುತ್ತ ಹೂಳಿದ್ದನ್ನು ಮೆಲ್ಲಗೆ ಬಳಸುವುದೇ ವಿವೇಕ.

ಮನೆಯಲ್ಲಿ ತಯಾರಿಸಿದ್ದರಲ್ಲಿ ರೋಗ ಹರಡುವ ಭಯವಿದೆ ಎಂಬ ಮಾತನ್ನೂ ಹಗುರವಾಗಿ ತಳ್ಳಬಾರದು. ಅದಕ್ಕಾಗಿಯೇ ಮೆಣಸಿನಕಾಯಿಗೆ ಬೇಕಾದ ಶಿಲೀಂಧ್ರವನ್ನು ಮೆಣಸಿನಕಾಯಿ, ಟೊಮೆಟೊ, ಬದನೆಯ ಬೇರಿನ ಮೇಲೆ ಬೆಳೆಸದೆ ಜೋಳದ ಮೇಲೆ ಬೆಳೆಸುವುದು. ಒಂದು ಕುಲದ ರೋಗಗಳು ಬಹುಮಟ್ಟಿಗೆ ಇನ್ನೊಂದಕ್ಕೆ ದಾಟುವುದಿಲ್ಲ. ಗಂಟುಬೇರು ಉಂಟುಮಾಡುವ ಜಂತುಹುಳು ಮಾತ್ರ ಕುಲ ನೋಡದೆ ದಾಟಬಲ್ಲದು. ಕೊಯ್ಲಿನ ದಿನ ಬೇರಿನಲ್ಲಿ ಗಂಟು ಕಂಡರೆ, ಕೊಳೆತ ಕಂದುಬಣ್ಣ ಕಂಡರೆ ಆ ಗುಂಡಿಯನ್ನು ಪೂರ್ತಿ ಬಿಟ್ಟುಬಿಡಬೇಕು. ನಷ್ಟವೆಂದು ಹಂಚಿದರೆ ನೂರು ಹೊಲಗಳಿಗೆ ನಷ್ಟ. ಕಬ್ಬು, ಗೋವಿನಜೋಳಗಳಿಗೆ ಬೇಕಾದರೆ ಆಸರೆ ಗಿಡ ಹುಲ್ಲಿನ ಜಾತಿಯದಲ್ಲದೆ ದ್ವಿದಳ ಜಾತಿಯದಾಗಿರಲಿ. ಈ ಶಿಸ್ತು ಇಲ್ಲದೆ ತಯಾರಿಸುವುದಕ್ಕಿಂತ ತಯಾರಿಸದಿರುವುದೇ ಮೇಲು.

ಕೇಳುಗ ಬಂಧುಗಳೆ, ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಮೂರು ತಾಲೂಕುಗಳಲ್ಲಿ ಅಗಿ ಮಾರುವ ನರ್ಸರಿಗಳು ಈ ಹಿಂಗಾರಿನಲ್ಲಿ ಒಂದೊಂದೇ ಗುಂಡಿ ಹಾಕಲಿ. ಮುಂದಿನ ಮುಂಗಾರಿಗೆ ಅರ್ಧ ಟ್ರೇಗಳಿಗೆ ಶಿಲೀಂಧ್ರ ಕೊಟ್ಟು ಅರ್ಧಕ್ಕೆ ಕೊಡದೆ, ಎರಡನ್ನೂ ಗುರುತು ಹಚ್ಚಿ ರೈತರಿಗೆ ಕೊಡಲಿ. ರೈತರು ಒಂದೇ ಹೊಲದಲ್ಲಿ ಪಕ್ಕಪಕ್ಕದ ಸಾಲುಗಳಲ್ಲಿ ಎರಡನ್ನೂ ನೆಟ್ಟು, ಶಿಲೀಂಧ್ರವಿದ್ದ ಸಾಲಿಗೆ ರಂಜಕ ಕಡಿಮೆ ಮಾಡಿ, ಕಾಯಿ ಕೊಯ್ದಾಗ ತೂಕ ಬರೆದಿಡಲಿ. ಆ ತೂಕ ಗೆದ್ದರೆ ಮುಂದಿನ ವರ್ಷ ಗುಂಡಿಗಳನ್ನು ಹೆಚ್ಚಿಸೋಣ. ಸೋತರೆ ತಳಿ, ಮಣ್ಣು, ಪದ್ಧತಿಯಲ್ಲಿ ಎಲ್ಲಿ ಕೊರತೆಯಿದೆ ಎಂದು ಸಂಶೋಧಕರನ್ನು ಕರೆದು ಹುಡುಕೋಣ. ಯಾರ ಜಾಹೀರಾತನ್ನೂ ನಂಬದೆ ನಮ್ಮ ಬೇರನ್ನೇ ನೋಡಿ ತೀರ್ಮಾನಿಸುವ ಈ ರೂಢಿ ಒಮ್ಮೆ ಬೇರೂರಿದರೆ, ಶಿಲೀಂಧ್ರವೊಂದೇ ಅಲ್ಲ, ನಾವು ಮಣ್ಣಿಗೆ ಹಾಕುವ ಪ್ರತಿಯೊಂದೂ ಆ ಪರೀಕ್ಷೆ ದಾಟಿಯೇ ಬರಬೇಕಾಗುತ್ತದೆ.